ಮಾವಿನ ಹಣ್ಣಿನ ಕಾವಲು

ಮರದಿಂದ ಇಳಿಸಿದ ಮಾವಿನ ಕಾಯಿಗಳನ್ನು ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದನ್ನು ನಾವೆಲ್ಲರೂ ಬಲ್ಲೆವು. ಇಡುವಾಗ ಒಂದು ಕಲೆಯೂ ಇಲ್ಲದ ಕಾಯಿಯ ಮೇಲೆ, ಹಣ್ಣಾದೊಡನೆಯೇ ಕಪ್ಪು ಚಿಬ್ಬುಗಳು ಮೂಡಿ ಹರಡುತ್ತವೆ. ವರುಷವೆಲ್ಲ ಮರವನ್ನು ಕಾದ ರೈತನ ಶ್ರಮವೂ ಬುಟ್ಟಿ ಹೊತ್ತು ಮಾರುವ ತಾಯಂದಿರ ಹಣವೂ ಹೀಗೆ ಕೊನೆಯ ವಾರದಲ್ಲಿ ಹಾಳಾಗುತ್ತವೆ. ಈ ರೋಗವು ಬುಟ್ಟಿಯಲ್ಲಿಯೇ ಹುಟ್ಟಿತೆಂದು ನಾವು ಭಾವಿಸುವುದುಂಟು, ಅದು ಹಾಗಲ್ಲ.

ಚಿಬ್ಬುರೋಗಕ್ಕೆ ಕಾರಣವು ಕೊಲೆಟೊಟ್ರೈಕಮ್ ಎಂಬ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಅದರ ಸೂಕ್ಷ್ಮ ಬೀಜಕಣಗಳು ಮಳೆ ಇಬ್ಬನಿಗಳ ತೇವದಲ್ಲಿ ಎಳೆಯ ಮಿಡಿಯ ಮೇಲೆ ಮೊಳೆತು, ಸಿಪ್ಪೆಯಲ್ಲಿ ನೆಲೆಯೂರಿ, ಕಾಯಿ ಬಲಿಯುವ ತನಕ ನಿದ್ರಿಸುತ್ತವೆ. ಅವನ್ನು ತಡೆದಿಡುವುದು ಯಾವುದು? ಕಾಯಿಯ ಸಿಪ್ಪೆಯಲ್ಲಿಯೂ ಸೊನೆಯಲ್ಲಿಯೂ ರೆಸಾರ್ಸಿನಾಲ್ ಜಾತಿಯ ದ್ರವ್ಯಗಳಿವೆ. ಇವು ಬೂಷ್ಟಿಗೆ ವಿಷ. ಕಾಯಿ ಹಣ್ಣಾಗುತ್ತ ಬಂದಂತೆ ಅವು ಕುಂದುತ್ತವೆ. ಕಾವಲು ಸಡಿಲವಾಗಲು ಶತ್ರುವು ಎಚ್ಚರಗೊಳ್ಳುತ್ತಾನೆ.

ಆದುದರಿಂದ ಮೊದಲು ಇದ್ದ ಕಾವಲನ್ನು ಉಳಿಸತಕ್ಕದ್ದು. ಕಾಯನ್ನು ಜಗ್ಗಿ ಕೆಡಹದೆ ತೊಟ್ಟಿನೊಡನೆ ಕೊಯ್ಯಬೇಕು. ತೊಟ್ಟು ಕಳಚಿದರೆ ಸೊನೆಯು ವ್ಯರ್ಥವಾಗಿ ಸುರಿಯುವುದಲ್ಲದೆ ಸಿಪ್ಪೆಯನ್ನೂ ಸುಡುತ್ತದೆ. ಪೆಟ್ಟು ಬಿದ್ದ ಕಾಯನ್ನು ಬೇರೆಯಾಗಿ ಇಡಬೇಕು.

ಎರಡನೆಯದು ಬಿಸಿನೀರಿನ ಸ್ನಾನ. ಕೊಯ್ದ ಕಾಯಿಗಳನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿಟ್ಟು, ಬಳಿಕ ನೆರಳಿನಲ್ಲಿ ಆರಿಸಬೇಕು. ಇದರಿಂದ ಸಿಪ್ಪೆಯಲ್ಲಿ ಅಡಗಿದ ಶಿಲೀಂಧ್ರವು ಬಹುಮಟ್ಟಿಗೆ ಸಾಯುತ್ತದೆ. ಇಲ್ಲಿ ಕೈಯ ಅಂದಾಜು ಸಾಲದು, ಉಷ್ಣಮಾಪಕವು ಬೇಕು. ಬಿಸಿ ಹೆಚ್ಚಾದರೆ ಸಿಪ್ಪೆ ಬೇಯುವುದು. ಕಡಿಮೆಯಾದರೆ ರೋಗ ಉಳಿಯುವುದು.

ಮೂರನೆಯದು ಹಣ್ಣಿನ ಸ್ವಂತ ಶಕ್ತಿಯನ್ನು ಎಬ್ಬಿಸುವುದು. ಸಿಗಡಿ, ಏಡಿಗಳ ಚಿಪ್ಪಿನಿಂದ ಕೈಟೋಸಾನ್ ಎಂಬ ದ್ರವ್ಯವನ್ನು ತೆಗೆಯುತ್ತಾರೆ. ಬೂಷ್ಟಿನ ಮೈಗೋಡೆಯಲ್ಲಿಯೂ ಇದೇ ಜಾತಿಯ ವಸ್ತುವಿದೆ. ಅದನ್ನು ತೆಳುವಾಗಿ ಲೇಪಿಸಿದಾಗ ಹಣ್ಣು ಶತ್ರು ಬಂದನೆಂದೇ ಬಗೆದು, ಆ ಗೋಡೆಯನ್ನು ಒಡೆಯುವ ಕಿಣ್ವಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸುತ್ತದೆ. ರೋಗ ತಗಲಿದಾಗ ಗಿಡಗಳು ತಾವೇ ಹುಟ್ಟಿಸಿಕೊಳ್ಳುವ ಸ್ಯಾಲಿಸಿಲಿಕ್ ಆಮ್ಲವೂ ಇಂತಹ ಎಚ್ಚರಿಕೆಯ ಗಂಟೆಯೇ. ಆದರೆ ಹಣ್ಣಿನ ಜಾತಿ, ಬಲಿತ ಹದಗಳಿಗೆ ತಕ್ಕಂತೆ ಇವುಗಳ ಫಲವು ಬೇರೆಬೇರೆಯಾಗುತ್ತದೆ. ಕೊಳೆಯತೊಡಗಿದ ಹಣ್ಣನ್ನು ಇವು ಉಳಿಸಲಾರವು.

ಸೃಷ್ಟಿಕರ್ತನು ಕಾಯಿಗೆ ಕವಚವನ್ನು ತೊಡಿಸಿಯೇ ಕಳುಹಿಸಿದ್ದಾನೆ. ಅದನ್ನು ನಮ್ಮ ಅವಸರದ ಕೈಗಳಿಂದ ಹರಿಯದಿರುವುದೇ ನಾವು ಕಲಿಯಬೇಕಾದ ಮೊದಲನೆಯ ಪಾಠವು.