ಮಗುವಿಗೆ ಮತ್ತೊಂದು ಸಿ.ಟಿ. ಸ್ಕ್ಯಾನ್ ಬೇಕೇ?

ಪ್ರಶ್ನೆ: ಏಳು ವರ್ಷದ ಮಗ ಬಿದ್ದಾಗ ತಲೆಯ ಸಿ.ಟಿ. ಮಾಡಿಸಿದ್ದೆವು. ತಲೆನೋವು ಹೋಗಿಲ್ಲವೆಂದು ಈಗ ಮತ್ತೆ ಬರೆದುಕೊಟ್ಟಿದ್ದಾರೆ. ವಿಕಿರಣದ ಭಯ.

ಉತ್ತರ: ನಿಮ್ಮ ಆತಂಕ ಸಹಜ. ತಲೆಯ ಒಂದು ಸಿ.ಟಿ.ಯಿಂದ ತಗಲುವುದು ಸುಮಾರು 2 ಮಿಲಿಸೀವರ್ಟ್ ವಿಕಿರಣ; ನಿಸರ್ಗದಿಂದಲೇ ನಮಗೆ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟು ತಗಲುತ್ತದೆ. ಅಪಾಯ ತೀರಾ ಕಡಿಮೆ. ಆದರೆ ಮಕ್ಕಳ ದೇಹ ವಿಕಿರಣದ ಹಾನಿಗೆ ಬೇಗ ಈಡಾಗುವುದರಿಂದ ಅಗತ್ಯವಿಲ್ಲದೆ ಮಾಡಿಸಬಾರದು.

ಹಳೆಯ ಫಿಲ್ಮ್, ಸಿ.ಡಿ. ತೋರಿಸಿ, ವಿಕಿರಣವಿಲ್ಲದ ಎಂ.ಆರ್.ಐ. ಸಾಕೇ ಎಂದು ವೈದ್ಯರನ್ನು ಕೇಳಿ. ಸಿ.ಟಿ.ಯೇ ಬೇಕೆಂದರೆ ಮಕ್ಕಳ ಪ್ರೋಟೋಕಾಲ್ ಬಳಸಲು ಹೇಳಿ, ಯಂತ್ರದ ವೋಲ್ಟೇಜ್ (ಕೆ.ವಿ.), ಕರೆಂಟ್ (ಎಂ.ಎ.) ಇಳಿಸಿ ಕಡಿಮೆ ವಿಕಿರಣದಲ್ಲಿ ತೆಗೆಯುತ್ತಾರೆ. ಮಗು ಅಲುಗಿದರೆ ಚಿತ್ರ ಮಸುಕಾಗಿ ಮತ್ತೆ ತೆಗೆಯಬೇಕಾದೀತು, ಮೊದಲೇ ಧೈರ್ಯ ಹೇಳಿ. ಎಷ್ಟು ವಿಕಿರಣ ತಗಲಿತೆಂಬ ಡೋಸ್ ವರದಿ ಜೋಪಾನವಾಗಿಡಿ. ವಾಂತಿ, ಮಂಪರು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.