ಬ್ಯಾಗ್ ಫಿಲ್ಟರ್ ಕೊಳ್ಳುವ ಮುನ್ನ ನಿಮ್ಮ ದೂಳನ್ನು ಅರಿಯಿರಿ

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ನಾಕ್‌ಔಟ್ ನಡೆಯುವ ಹೊತ್ತಿಗೆ ಒಳಗೆ ಹೋದವರಿಗೆ ಆ ದೂಳಿನ ಪರಿಚಯ ಇದ್ದೇ ಇರುತ್ತದೆ. ಎರಕದ ಅಚ್ಚು ಒಡೆದು ಮರಳು ಉದುರಿಸಿದಾಗ ಏಳುವ ಮೋಡ ಕಣ್ಣಿಗೆ ಕಾಣುತ್ತದೆ. ಅದರೊಳಗೆ ಕಾಣದಂತೆ ತೇಲುವ, 5 ಮೈಕ್ರಾನ್‌ಗಿಂತ ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಕೂರುತ್ತವೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯವರ ತಪಾಸಣೆಗೆ ತೋರಿಸಿದರಾಯಿತು ಎಂದು ಫಿಲ್ಟರ್ ಪೆಟ್ಟಿಗೆಯೊಂದನ್ನು ತಂದು ನಿಲ್ಲಿಸುವ ಮಾಲೀಕರನ್ನು ಕಂಡಾಗ ನನಗೆ ಸಂಕಟವಾಗುವುದು ಇದೇ ಕಾರಣಕ್ಕೆ.

ಬ್ಯಾಗ್ ಫಿಲ್ಟರ್ ಯಂತ್ರದ ಒಳಗುಟ್ಟು ಸರಳ. ಸಾಲಾಗಿ ತೂಗುಬಿಟ್ಟ ಉದ್ದನೆಯ ಬಟ್ಟೆ ಚೀಲಗಳ ಹೊರಮೈಗೆ ದೂಳು ಅಂಟುತ್ತದೆ, ಶುದ್ಧ ಗಾಳಿ ಚೀಲದೊಳಗಿಂದ ಮೇಲೇರಿ ಹೋಗುತ್ತದೆ. ಆಗಾಗ ಮೇಲಿನಿಂದ ಕಂಪ್ರೆಸರ್ ಗಾಳಿಯ ಪೆಟ್ಟು ಬಿದ್ದಾಗ ಚೀಲ ಒದರಿಕೊಂಡು ದೂಳು ಕೆಳಗಿನ ಹಾಪರ್‌ಗೆ ಉದುರುತ್ತದೆ.

ಕೊಟೇಶನ್ ತರಿಸುವ ಮೊದಲು ಒಂದು ನೋಟ್‌ಬುಕ್ ಹಿಡಿದು ಶೆಡ್ ಸುತ್ತಿ. ದೂಳು ಏಳುವುದು ಎಲ್ಲೆಲ್ಲಿ? ಎಷ್ಟು ಬಿಸಿ? ಕಿಡಿ ಬರುತ್ತದೆಯೇ? ಮರಳಿನ ತೇವ ಆವಿಯಾಗಿ ಸೇರುತ್ತದೆಯೇ? ಅಂಟುವ ರಾಳದ ಹೊಗೆ ಇದೆಯೇ? ಶಾಟ್ ಬ್ಲಾಸ್ಟಿಂಗ್‌ನ ಒಣ ದೂಳು ಬೇರೆ, ಫರ್ನೇಸ್‌ನ ನುಣ್ಣನೆಯ ಹೊಗೆ ಬೇರೆ. ಎರಡನ್ನೂ ಒಂದೇ ಪೈಪಿಗೆ ಸೇರಿಸುವ ಮುನ್ನ ಎರಡು ಸಲ ಯೋಚಿಸಿ. ಅಲ್ಯೂಮಿನಿಯಂ ಪುಡಿಯಂಥ ಹೊತ್ತಿಕೊಳ್ಳುವ ದೂಳಿದ್ದರೆ ಆಂಟಿಸ್ಟ್ಯಾಟಿಕ್ ಬಟ್ಟೆ, ಸ್ಫೋಟದ ಒತ್ತಡ ಹೊರಬಿಡುವ ಕಿಂಡಿ ಬೇಕೇ ಬೇಕು. ಅಲ್ಲಿ ತಜ್ಞರನ್ನು ಕೇಳದೆ ಹೆಜ್ಜೆ ಇಡಬೇಡಿ.

ಆಮೇಲೆ ದೂಳು ಹೀರಿಕೊಳ್ಳುವ ಹುಡ್. ದೂಳಿನ ಬಾಯಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಹುಡ್ ದೂರವಿದ್ದರೆ ಎಂಥ ಫಿಲ್ಟರ್ ತಂದರೂ ದೂಳು ಕಾರ್ಮಿಕನ ಮೂಗಿಗೇ ಹೋಗುತ್ತದೆ. ಡಕ್ಟ್‌ನೊಳಗೆ ಗಾಳಿ ಸೆಕೆಂಡಿಗೆ ಸುಮಾರು 18–20 ಮೀಟರ್ ವೇಗದಲ್ಲಿ ಓಡಬೇಕು. ಕಡಿಮೆಯಾದರೆ ಮರಳು ಪೈಪಿನಲ್ಲೇ ಕೂತು ಕಟ್ಟಿಕೊಳ್ಳುತ್ತದೆ.

ಚೀಲ ಎಣಿಸಿ ನೋಡಿ

ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿ. ನಿಮಿಷಕ್ಕೆ ಹರಿಯುವ ಗಾಳಿಯನ್ನು ಬಟ್ಟೆಯ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಏರ್-ಟು-ಕ್ಲಾತ್ ಅನುಪಾತ. ನಿಮಗೆ ಗಂಟೆಗೆ 12,000 ಘನ ಮೀಟರ್ ಗಾಳಿ ಬೇಕೆನ್ನಿ. ಅಂದರೆ ನಿಮಿಷಕ್ಕೆ 200. ಸಣ್ಣ ದೂಳಿಗೆ 1.2ರ ಅನುಪಾತ ಹಿಡಿದರೆ ಸುಮಾರು 167 ಚದರ ಮೀಟರ್ ಬಟ್ಟೆ ಬೇಕು. 150 ಮಿ.ಮೀ. ವ್ಯಾಸ, 3 ಮೀಟರ್ ಉದ್ದದ ಚೀಲವೊಂದರ ವಿಸ್ತೀರ್ಣ 1.41 ಚದರ ಮೀಟರ್. ಹಾಗಾಗಿ 120 ಚೀಲ. ಅದೇ 12,000ಕ್ಕೆ 70 ಚೀಲದ ಕೊಟೇಶನ್ ಅಗ್ಗವಾಗಿ ಬಂತೆಂದರೆ ಅನುಪಾತ 2 ದಾಟಿತೆಂದೇ ಲೆಕ್ಕ. ದೂಳು ಬಟ್ಟೆಯ ಒಳಕ್ಕೆ ಹೊಕ್ಕು ಕೂರುತ್ತದೆ, ಎಷ್ಟು ಒದರಿದರೂ ಬಿಡುವುದಿಲ್ಲ, ಬ್ಲೋವರ್ ಏದುಸಿರು ಬಿಡುತ್ತದೆ. ಫರ್ನೇಸ್ ಹೊಗೆಗಾದರೆ ನಾನು 1ಕ್ಕಿಂತ ಮೇಲೆ ಹೋಗಲು ಒಪ್ಪುವುದಿಲ್ಲ.

ಬಟ್ಟೆ ಯಾವುದು?

ನಮ್ಮ ಫೌಂಡ್ರಿಗಳ ಬಹುಪಾಲು ಕೆಲಸಕ್ಕೆ 500–550 ಜಿಎಸ್‌ಎಂನ ಪಾಲಿಯೆಸ್ಟರ್ ನೀಡಲ್ ಫೆಲ್ಟ್ ಸಾಕು. ಒಣ ಗಾಳಿಯಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಬಿಸಿಯ ಜೊತೆ ಹಬೆ ಸೇರಿದರೆ ಮಾತ್ರ ಬಟ್ಟೆ ಒಳಗಿಂದೊಳಗೇ ಪುಡಿಯಾಗುತ್ತದೆ. ಅಂಥಲ್ಲಿ ಅಕ್ರಿಲಿಕ್ ಒಳ್ಳೆಯದು. 200 ಡಿಗ್ರಿಯವರೆಗಿನ ಒಣ ಶಾಖಕ್ಕೆ ನೊಮೆಕ್ಸ್, ಅದಕ್ಕೂ ಮೇಲೆ ಗ್ಲಾಸ್ ಫೈಬರ್ ಅಥವಾ ಪಿಟಿಎಫ್‌ಇ.

ಒಂದು ಸಣ್ಣ ಫೌಂಡ್ರಿಯಲ್ಲಿ ಮೂರೇ ತಿಂಗಳಿಗೆ ಸೋರತೊಡಗಿದ ಚೀಲವನ್ನು ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದಿದ್ದೆ. ಸಾಸಿವೆ ಕಾಳಿನಷ್ಟು ತೂತುಗಳು, ಅಂಚು ಕರಗಿ ಗಟ್ಟಿಯಾಗಿ ಮಿರುಗುತ್ತಿದ್ದವು. ಗಾಳಿಯ ಶಾಖ 80 ಡಿಗ್ರಿಯೂ ಇರಲಿಲ್ಲ. ಚುಚ್ಚಿದ್ದು ಕಿಡಿ. ಮಾಲೀಕರು ದುಬಾರಿ ಬಟ್ಟೆ ತರಿಸಲು ಹೊರಟಿದ್ದರು. ಫಿಲ್ಟರ್‌ಗೆ ಮೊದಲು ಕಿಡಿ ತಡೆಯುವ ಸೈಕ್ಲೋನ್ ಕೂರಿಸಿ, ಮೊದಲಿನಂತೆ ಪಾಲಿಯೆಸ್ಟರ್ ಬಟ್ಟೆಯಲ್ಲೇ ಹೊಸ ಚೀಲ ಹಾಕಿಸಿದೆವು. ತೊಂದರೆ ನಿಂತಿತು.

ಚೀಲದೊಳಗಿನ ಕೇಜ್ ಅನ್ನು ಕೈಯಿಂದ ಸವರಿ ನೋಡಿ. ವೆಲ್ಡಿಂಗ್‌ನ ಒಂದು ಮುಳ್ಳು ಸಾಕು, ಬಟ್ಟೆ ಹರಿಯಲು. ಕಂಪ್ರೆಸರ್ ಗಾಳಿ 5–6 ಬಾರ್ ಒತ್ತಡದಲ್ಲಿ, ಒಣಗಿ ಬರಬೇಕು. ಮಳೆಗಾಲದ ಬೆಳಗಾವಿಯಲ್ಲಿ ಏರ್ ಡ್ರೈಯರ್ ಇಲ್ಲದೆ ಓಡಿಸಿದರೆ ಚೀಲದ ಮೇಲಿನ ದೂಳು ಕೆಸರಾಗಿ ಒಣಗಿ ಗಾರೆಯಾಗುತ್ತದೆ. ಹಾಪರ್ ಕೆಳಗಿನ ರೋಟರಿ ವಾಲ್ವ್ ಸೋರದಂತಿರಲಿ.

ಖರೀದಿ ಆದೇಶದಲ್ಲಿ ಚಿಮಣಿಯಿಂದ ಹೊರಬೀಳುವ ದೂಳಿನ ಮಿತಿಯನ್ನು ಬರೆಸಿ, ಅಳೆದು ತೋರಿಸಿದ ಮೇಲೇ ಕೊನೆಯ ಕಂತು ಎಂದು ಸೇರಿಸಿ. 1986ರ ಪರಿಸರ (ಸಂರಕ್ಷಣೆ) ನಿಯಮಗಳ ಸಾಮಾನ್ಯ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ. ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿ ಅದಕ್ಕಿಂತ ಬಿಗಿ ಅಂಕಿ ಇದ್ದರೆ ಅದನ್ನೇ ಹಾಕಿ.

ಚಾಲೂ ಮಾಡುವ ದಿನ ಹೊಸ ಚೀಲಗಳಿಗೆ ಒಣ ಸುಣ್ಣದ ಪುಡಿ ಎಳೆಸಿ ಮೊದಲ ಪದರ ಕಟ್ಟಿಸಿ. ಸೋಸುವ ಕೆಲಸ ಮಾಡುವುದು ಈ ಪದರವೇ. ಅದಕ್ಕೇ ಚೀಲಗಳನ್ನು ಅತಿಯಾಗಿ ಒದರಿಸಬಾರದು. ಚೀಲಗಳ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರಿಸುವ ಮಾನೋಮೀಟರ್‌ನಲ್ಲಿ ಆ ದಿನ ಕಂಡ ಅಂಕಿಯನ್ನು ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಸಾಮಾನ್ಯವಾಗಿ 150 ಮಿ.ಮೀ. ನೀರಿನ ಒತ್ತಡ ದಾಟಿದರೆ ಚೀಲ ಕಟ್ಟಿಕೊಂಡಿದೆ. ಇದ್ದಕ್ಕಿದ್ದಂತೆ ಇಳಿದರೆ ಎಲ್ಲೋ ಹರಿದಿದೆ. ಪಾಳಿ ಬದಲಾಗುವಾಗಲೆಲ್ಲ ಆಪರೇಟರ್ ಒಮ್ಮೆ ಅದರತ್ತ ನೋಡಿ ಪುಸ್ತಕದಲ್ಲಿ ಬರೆಯಲಿ.