ಬಾಟಲಿಯ ಬನಿಯನ್ನಿಗೂ ಒಗೆತ ಬೇಕು

"ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ್ದು, ರೋಗಾಣು ಹತ್ತಿರ ಸುಳಿಯಲ್ಲ" ಎಂದು ಅಂಗಡಿಯವನು ಬನಿಯನ್ ಮುಂದೆ ಹಿಡಿದರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಒಗೆಯದೆ ವಾರವಿಡೀ ತೊಡಬಹುದು ಅಂತ ಮಾತ್ರ ತಿಳಿಯಬೇಡಿ.

ಬಾಟಲಿಯನ್ನು ಚೂರು ಮಾಡಿ, ತೊಳೆದು, ಕರಗಿಸಿ ಎಳೆ ತೆಗೆದರೆ ಸಿಗುವುದು ಪಾಲಿಯೆಸ್ಟರ್, ಅಷ್ಟೇ. ರೋಗಾಣು ತಡೆಯುವ ಗುಣ ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲ, ಬೆಳ್ಳಿಯಂಥದ್ದನ್ನು ಸೇರಿಸಿರುತ್ತಾರೆ. ಎಳೆ ತೆಗೆಯುವಾಗಲೇ ಬೆರೆಸಿದ್ದರೆ ಹೆಚ್ಚು ಕಾಲ ಬಾಳುತ್ತದೆ, ಮೇಲೆ ಲೇಪಿಸಿದ್ದು ಒಗೆತಕ್ಕೆ ಬೇಗ ಸವೆಯುತ್ತದೆ. ಯಾವುದೆಂದು ಕೇಳಿಯೇ ದುಡ್ಡು ಕೊಡಿ. ಅದು ತಡೆಯುವುದೂ ಬಹುಪಾಲು ಬೆವರುನಾತ ಎಬ್ಬಿಸುವ ಬ್ಯಾಕ್ಟೀರಿಯಾವನ್ನು. ಗಜಕರ್ಣ ಎದ್ದಿದ್ದರೆ ಚರ್ಮದ ಡಾಕ್ಟರ ಬಳಿ ಹೋಗಿ ಮಾರಾಯ್ರೆ, ಬನಿಯನ್ ನಂಬಿ ಕೂರಬೇಡಿ.

2013ರಲ್ಲಿ ಐಬಿಎಂ ಮತ್ತು ಸಿಂಗಪುರದ ವಿಜ್ಞಾನಿಗಳು ಬಾಟಲಿ ಪ್ಲಾಸ್ಟಿಕ್ಕಿನಿಂದ ಶಿಲೀಂಧ್ರ ಕೊಲ್ಲುವ ನ್ಯಾನೊ ಎಳೆ ಮಾಡಿದ್ದು ನಿಜ. ಆದರೆ ಅದು ನೀರಿನಲ್ಲಿ ಅಣುಗಳು ತಾವೇ ಕೂಡಿಕೊಂಡು ಆಗುವ, ಕಣ್ಣಿಗೆ ಕಾಣದ ಎಳೆ. ಔಷಧಿಗಾಗಿ ನಡೆದ ಸಂಶೋಧನೆ, ನೇಯುವ ನೂಲಲ್ಲ. ಆ ಸುದ್ದಿ ತೋರಿಸಿ ಯಾರಾದರೂ ಚಾದರ ಮಾರಲು ಬಂದರೆ ನಕ್ಕು ಕಳಿಸಿ.

ಒಗೆಯುವಾಗ ಕ್ಲೋರಿನ್ ಬ್ಲೀಚ್ ಬೇಡ, ಬಟ್ಟೆ ಮೆತ್ತಗಾಗಿಸುವ ದ್ರವವೂ ಬೇಡ. ಬ್ರಷ್ ಹಿಡಿದು ತಿಕ್ಕಲೂಬೇಡಿ. ಉದುರುವ ಪ್ಲಾಸ್ಟಿಕ್ ಎಳೆಚೂರು ಚರಂಡಿ ಹಿಡಿದು ಕೆರೆ ಸೇರುತ್ತದೆ.